ಖಂಡೆ ಪೂಜೆಗೆ ತೊಳೆದ ಕಂಪ್ಯೂಟರು

ನನ್ನ ಮೇಜಿನ ಎರಡನೆಯ ಖಾನೆಯಲ್ಲಿ, ಕಾರ್ಬನ್ ಹಾಳೆಗಳ ಕಟ್ಟಿನ ಕೆಳಗೆ, ಹತ್ತು ಫ್ಲಾಪಿಗಳ ಒಂದು ನೀಲಿ ಡಬ್ಬಿ ಹೋದ ವರ್ಷದ ದಸರೆಯಿಂದ ಈ ವರ್ಷದ ದಸರೆಯ ತನಕ ಬಿದ್ದುಕೊಂಡಿತ್ತು. ಅದರ ಮೈಮೇಲಿನ ತೆಳು ಪ್ಲಾಸ್ಟಿಕ್ಕನ್ನು ಯಾರೂ ಹರಿದಿರಲಿಲ್ಲ. ಡಬ್ಬಿಯ ಮೇಲೆ ಒಣಗಿ ಕಪ್ಪಾದ ಒಂದು ಬನ್ನಿಯ ಎಸಳು. ಖಾನೆ ಎಳೆದಾಗಲೆಲ್ಲ ಎರಡೂ ಕಣ್ಣಿಗೆ ಬೀಳುತ್ತಿದ್ದವು. ಎರಡನ್ನೂ ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೇಕಾದದ್ದನ್ನು ತೆಗೆದುಕೊಳ್ಳುವುದನ್ನೂ ಮರೆತು ಖಾನೆಯನ್ನು ಧಡ್ಡನೆ ಮುಚ್ಚುತ್ತಿದ್ದೆ. ಸಿಟ್ಟಿನ ಬಗ್ಗೆ ಬರೆಯುವ ಜಾಣರು ಸಾಮಾನ್ಯವಾಗಿ ಸಿಟ್ಟು ಇಳಿದ ಮೇಲೆ ಬರೆಯುತ್ತಾರೆ, ಗೆಳೆಯರೇ, ಆಗ ಅದು ಆರಿದ ಅನ್ನದ ಹಾಗೆ ಬಿಡಿಬಿಡಿಯಾಗಿ ಚೆಂದ ಕಾಣುತ್ತದೆ. ನನಗೆ ಅಷ್ಟು ತಾಳ್ಮೆಯಿಲ್ಲ, ಬಿಸಿಯಿರುವಾಗಲೇ ಬಡಿಸುತ್ತಿದ್ದೇನೆ.

ಮೊದಲು ಸ್ವಚ್ಛತೆಯ ಮೇಲೆ ನನಗಿರುವ ಹಳೆಯ ಹಗೆಯನ್ನು ಹೇಳಿಬಿಡುತ್ತೇನೆ. ನಮ್ಮ ಕಡೆ ದಸರೆ ಬಂತೆಂದರೆ ದೇವಿಗಿಂತ ಮುಂಚೆ ಕಸಬರಿಗೆ ಏಳುತ್ತದೆ. ಮನೆಯಲ್ಲಿರುವ ಅರಿವೆ, ಕೌದಿ, ಜಮಖಾನ ಒಂದೂ ಉಳಿಯದಂತೆ ಗಂಟು ಕಟ್ಟಿ, ಸಿಂಧನೂರಿನವರು ಕಾಲುವೆಗೆ, ನಮ್ಮ ಗುರುಗುಂಟಾದವರು ಹಳ್ಳಕ್ಕೆ ಹೊತ್ತುಕೊಂಡು ಹೋಗಿ ಬಡಿಬಡಿದು ಒಗೆಯುತ್ತಾರೆ. ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ, ನಾಗೊಂದಿಗೆಯ ಮೇಲಿನ ಹಿತ್ತಾಳೆಗೆ ಹುಣಸೆಹಣ್ಣು. ಇವೆಲ್ಲ ಚೆಂದವೇ. ಆದರೆ ಈ ಉತ್ಸಾಹಕ್ಕೆ ಕಡಿವಾಣವಿಲ್ಲ; ತನ್ನ ಕಸ ಮುಗಿದ ಮೇಲೆ ಅದು ಇನ್ನೊಬ್ಬರ ಗಂಟಿಗೆ ಕೈ ಹಾಕುತ್ತದೆ, ಮತ್ತು ತನಗೆ ಓದಲು ಬಾರದ್ದೆಲ್ಲವನ್ನೂ ಕಸ ಎಂದು ಕರೆಯುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಗುರುಗುಂಟಾದಿಂದ ದಿನಾ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋಗಿ ಟೈಪಿಂಗು, ಶೀಘ್ರಲಿಪಿ ಕಲಿಯುತ್ತಿದ್ದೆ. ಶೀಘ್ರಲಿಪಿಯಲ್ಲಿ ಅಕ್ಷರಗಳಿರುವುದಿಲ್ಲ, ಕೇಳಿದ ಸದ್ದಿಗೆ ತಕ್ಕಂತೆ ಗೀಟು, ಕೊಕ್ಕೆ, ಚುಕ್ಕೆ. ಅಂಥ ಗೀಟುಗಳಿಂದ ಮೂರು ನೋಟುಬುಕ್ಕು ತುಂಬಿಸಿದ್ದೆ, ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ದಸರೆಯ ಸ್ವಚ್ಛತೆಗೆ ಇಳಿದ ನನ್ನ ದೊಡ್ಡಮ್ಮ ಮೂರನ್ನೂ ಬಚ್ಚಲ ಒಲೆಗೆ ಹಾಕಿ ನೀರು ಕಾಸಿದಳು. ನಾನು ಅತ್ತು ಕೂಗಾಡಿದರೆ ಅವಳಿಗೆ ನಿಜವಾಗಿಯೂ ಆಶ್ಚರ್ಯ.

“ಬರೇ ಕೋಳಿ ಕೆದರಿದಂಗ ಗೀಚಿದ್ದಿ. ಒಂದರ ಅಕ್ಷರ ಇತ್ತೇನಬೇ ಅದರಾಗ?” ಅಂದಳು.

ಆ ಬಿಸಿನೀರಿನಲ್ಲಿ ನಾನು ಮೈ ತೊಳೆದುಕೊಳ್ಳಲಿಲ್ಲ, ತಣ್ಣೀರು ಸುರಿದುಕೊಂಡೆ. ಪರೀಕ್ಷೆಯಲ್ಲಿ ಆ ಸಲ ಉತ್ತೀರ್ಣಳಾಗಲಿಲ್ಲ. ಇಷ್ಟು ಹೇಳಿದ್ದು ಏಕೆಂದರೆ, ಹೋದ ವರ್ಷ ನಾನು ಕೂಗಾಡಿದ್ದರಲ್ಲಿ ಅರ್ಧ ಸಿಟ್ಟು ದೊಡ್ಡಮ್ಮನ ಹೆಸರಿನಲ್ಲಿ ಹನ್ನೆರಡು ವರ್ಷದಿಂದ ಉಳಿದುಕೊಂಡಿದ್ದದ್ದು.

ಲಿಂಗಸುಗೂರಿನಲ್ಲಿ ನನಗೆ ಕಲಿಸಿದವರು ಮುರಿಗೆಪ್ಪ ಮಾಸ್ತರರು. ನನ್ನ ನೋಟುಬುಕ್ಕು ಸುಟ್ಟುಹೋದ ಸುದ್ದಿ ಕೇಳಿ, ಫೀಸು ಕೇಳದೆ ಮತ್ತೆ ಮೊದಲಿನಿಂದ ಕಲಿಸಿ ಪಾಸು ಮಾಡಿಸಿದವರೂ ಅವರೇ. ಮುಂದೆ ಅವರು ಸಿಂಧನೂರಿನಲ್ಲಿ ಸ್ವಂತ ಟೈಪಿಂಗ್ ಶಾಲೆ ತೆರೆದಾಗ ನನ್ನನ್ನೂ ಪಾಲಿಗೆ ಸೇರಿಸಿಕೊಂಡರು. ದಢೇಸುಗೂರಿನ ಗದ್ದೆಯಿಂದ ಕಾಲು ತೊಳೆದುಕೊಂಡು ಬರುವ ಹುಡುಗರು, ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಿಂದ ಸೈಕಲ್ಲಿನಲ್ಲಿ ಬರುವ ಬಂಗಾಳಿ ಹುಡುಗಿಯರು, ಎಲ್ಲರೂ ಒಂದೇ ತಾಳದಲ್ಲಿ ಕುಟ್ಟುವ ಆ ಕೋಣೆಯಲ್ಲಿ ಮಾಸ್ತರರಿಗೆ ಒಂದು ಹಬ್ಬವಿತ್ತು, ಖಂಡೆ ಪೂಜೆ. ಬೇರೆಡೆಯವರು ಆಯುಧ ಪೂಜೆ ಎನ್ನುವುದನ್ನು ನಾವು ಹಾಗೆನ್ನುತ್ತೇವೆ. ಆ ದಿನಕ್ಕೆ ಮುಂಚೆ ಮಾಸ್ತರರು ಹನ್ನೊಂದೂ ಟೈಪರೈಟರುಗಳನ್ನು ಬಿಚ್ಚಿ, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಒಂದೊಂದೇ ಅಚ್ಚಿನ ಮೊಳೆಯನ್ನು ತಿಕ್ಕುತ್ತಿದ್ದರು. ಅವರ ಕೈಯಲ್ಲಿ ತೊಳೆಸಿಕೊಂಡ ಯಂತ್ರ ಮುಂದಿನ ದಸರೆಯ ತನಕ ಕೆಮ್ಮುತ್ತಿರಲಿಲ್ಲ.

ಆಮೇಲೆ ಕಂಪ್ಯೂಟರು ಬಂತು, ಅದರ ಹಿಂದೆಯೇ ಫೋನಿನ ತಂತಿಯಲ್ಲಿ ಇಂಟರ್ನೆಟ್ಟು ಬಂತು. ರಾಯಚೂರಿಗೆ ಎಸ್.ಟಿ.ಡಿ. ಹಚ್ಚಬೇಕು, ಪೆಟ್ಟಿಗೆಯೊಳಗೆ ಯಾರೋ ಬೆಕ್ಕಿನ ಬಾಲ ತುಳಿದಂತೆ ಕೀಂಯ್ಗುಟ್ಟಿ ಲೈನು ಸಿಕ್ಕರೆ, ಚಿತ್ರವೊಂದು ಮೇಲಿನಿಂದ ಕೆಳಕ್ಕೆ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಹಣೆ ಕಂಡು ಮೂಗು ಕಾಣುವುದರೊಳಗೆ ಲೈನು ಕಡಿದುಹೋಗುವುದೂ ಉಂಟು. ಆದರೆ ಪುಟಗಳನ್ನು ತೋರಿಸುವ ಬ್ರೌಸರ್ ಎಂಬ ಸಾಧನದಲ್ಲಿ ಒಂದು ಒಳ್ಳೆಯ ಗುಣವಿದೆ. ನಾವು ಒಮ್ಮೆ ನೋಡಿದ ಪುಟದ ಒಂದು ನಕಲು ಪ್ರತಿಯನ್ನು ಅದು, ಹೇಳದೆ ಕೇಳದೆ, ಒಂದು ಮೂಲೆಯಲ್ಲಿ ತೆಗೆದಿಟ್ಟುಕೊಂಡಿರುತ್ತದೆ, ನಮ್ಮ ಹೆಂಗಸರು ಉಳಿದ ರೊಟ್ಟಿಯನ್ನು ನೆಲುವಿನ ಮೇಲೆ ಇಟ್ಟ ಹಾಗೆ. ಕ್ಯಾಶ್ ಎಂದು ಆ ಮೂಲೆಯ ಹೆಸರು. ದುಡ್ಡಿನ ಕ್ಯಾಶಲ್ಲ, ಗಾಬರಿಯಾಗಬೇಡಿ. ಫೋನು ಹಚ್ಚದೆಯೂ ಆ ಪ್ರತಿಗಳನ್ನು ತೆರೆದು ಓದಬಹುದು. ಮಾಮೂಲಿ ಜಾಗದಲ್ಲಿಟ್ಟರೆ ಹಳೆಯ ಪುಟಗಳು ಅಳಿಸಿಹೋಗುತ್ತವೆಂದು ನಾನು ಅದಕ್ಕೆ ಡಿ ಡ್ರೈವಿನಲ್ಲಿ ಬೇರೆಯೇ ಒಂದು ಫೋಲ್ಡರು ಮಾಡಿ, ಬೇಕಾದಷ್ಟು ಜಾಗ ಕೊಟ್ಟು, ಬ್ರೌಸರಿಗೆ ‘ಇನ್ನು ಮುಂದೆ ಇಲ್ಲಿ ಇಡು’ ಎಂದು ತಾಕೀತು ಮಾಡಿದ್ದೆ. ಫೋಲ್ಡರಿನ ಹೆಸರು ಎಂ-ಟೂ. ಯಾಕೆ ಆ ಹೆಸರು ಎಂದು ಕೇಳಬೇಡಿ, ಬೆರಳಿಗೆ ಸಿಕ್ಕಿದ್ದು ಅದು.

ಆ ಫೋಲ್ಡರಿನಲ್ಲಿ ಏನಿತ್ತು ಎಂದರೆ, ಗೌರಿಯ ಮಾತು ಇತ್ತು.

ಗೌರಿ ಮಸ್ಕಿಯ ಶಿವಗಂಗಮ್ಮನ ಮಗಳು. ಶಿವಗಂಗಮ್ಮ ಬಟ್ಟೆ ಹೊಲಿಯುವಾಕೆ. ಮಗಳ ಕಿವುಡಿನ ಸರ್ಟಿಫಿಕೇಟಿಗೆ ಅರ್ಜಿ ಟೈಪು ಮಾಡಿಸಲು ನಮ್ಮಲ್ಲಿಗೆ ಬಂದಿದ್ದಳು. ಐದು ವರ್ಷದ ಕೂಸು, ಅಂಗಿಯ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಶ್ರವಣಯಂತ್ರ, ಅದರಿಂದ ಕಿವಿಗೊಂದು ದಾರ. ಅದರಿಂದ ಒಂದಿಷ್ಟು ಸದ್ದು ಒಳಗೆ ಹೋಗುತ್ತಿತ್ತೇ ಹೊರತು ಮಾತು ಹೊರಗೆ ಬರುತ್ತಿರಲಿಲ್ಲ. ಕಲಿಸುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ನಾನು ಹುಡುಕುತ್ತಾ ಹೋದಾಗ ಒಂದು ಪುಟ ಸಿಕ್ಕಿತು. ಯಾವ ದೇಶದವಳೋ ಒಬ್ಬ ತಾಯಿ, ತನ್ನ ಕಿವುಡು ಮಗನಿಗೆ ಮಾತು ಕಲಿಸಿದ ಬಗೆಯನ್ನು ಪಾಠ ಪಾಠವಾಗಿ ಚಿತ್ರ ಸಮೇತ ಬರೆದಿಟ್ಟಿದ್ದಳು: ತುಟಿಯೆದುರು ಕಾಗದದ ಚೂರು ಹಿಡಿದು ‘ಪ’ ಅಂದರೆ ಅದು ಹಾರುವುದು, ಕನ್ನಡಿಯ ಮುಂದೆ ಇಬ್ಬರೂ ಕೂತು ನಾಲಿಗೆಯನ್ನು ಹಲ್ಲಿಗೆ ತಾಗಿಸುವುದು, ಬಾಯಿಯನ್ನು ಅಡ್ಡ ಸೀಳಿದಂತೆ ಬರೆದ ಚಿತ್ರಗಳು. ಎರಡು ತಿಂಗಳು ದಿನಕ್ಕಿಷ್ಟರಂತೆ ಎಲ್ಲ ಪುಟಗಳನ್ನೂ ತರಿಸಿಕೊಂಡೆ. ಪ್ರತಿ ಭಾನುವಾರ ಶಿವಗಂಗಮ್ಮ ಮಸ್ಕಿಯಿಂದ ಬಸ್ಸಿನಲ್ಲಿ ಬರುವಳು. ನಾನು ಫೋನು ಹಚ್ಚದೆ ಆ ಪುಟಗಳನ್ನು ತೆರೆದು ಕನ್ನಡದಲ್ಲಿ ಹೇಳುವೆನು. ಅವಳು ತೆರೆಯ ಮೇಲಿನ ಬಾಯಿಯನ್ನು ನೋಡಿ ತನ್ನ ಬಾಯಿಯನ್ನು ಹಾಗೆ ಮಾಡಿ, ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಂಡು, ವಾರವಿಡೀ ಹೊಲಿಗೆ ಯಂತ್ರದ ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು ಕಲಿಸುವಳು.

ಮೊದಲು ತುಟಿಯ ಅಕ್ಷರಗಳು ಬಂದವು. ಕೂಸು ‘ಅಮ್ಮ’ ಅಂದ ದಿನ ಶಿವಗಂಗಮ್ಮ ಮಸ್ಕಿಯಿಂದ ಬರಿಗೈಯಲ್ಲಿ ಬರಲಿಲ್ಲ, ಒಂದು ಡಬ್ಬಿ ತುಂಬ ಕರಿಗಡಬು ತಂದಳು. ಆಮೇಲೆ ಹಲ್ಲಿನವು ಬಂದವು. ದಸರೆಗೆ ಮುಂಚೆ ಉಳಿದದ್ದು ಗಂಟಲಿನವು. ಗೌರಿ ತನ್ನ ಹೆಸರನ್ನು ‘ಔರಿ’ ಎನ್ನುತ್ತಿದ್ದಳು, ‘ಗ’ ಬಾರದೆ. ‘ಗ’ದ ಪಾಠ ಮುಂದಿನ ಭಾನುವಾರ ಇತ್ತು. ಅದರ ಮುಂದೆ ಮಾತಿಗೆ ಮಾತು ಜೋಡಿಸುವ ಪಾಠಗಳಿದ್ದವು. ಎಲ್ಲವೂ ಎಂ-ಟೂದಲ್ಲಿ ಭದ್ರವಾಗಿವೆ ಎಂದುಕೊಂಡು ನಾನು ಅವುಗಳನ್ನು ಓದಿಯೂ ಇರಲಿಲ್ಲ.

ಖಂಡೆ ಪೂಜೆಯ ಬೆಳಿಗ್ಗೆ ಹೋದರೆ ಕಂಪ್ಯೂಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಹುಡುಗರು ಹುಡುಗಿಯರು ಸಾಲಾಗಿ ಕೂತಿದ್ದರು. ಮಾಸ್ತರರ ಮುಖದಲ್ಲಿ ಎಣ್ಣೆ ಹಚ್ಚಿದ ಹೊಳಪು.

“ಬಾ ತಂಗಿ. ಈ ಸಲ ಹೊರಗಷ್ಟ ಅಲ್ಲ, ಒಳಗೂ ಪೂರಾ ಸಾಫ್ ಮಾಡೀನಿ ನೋಡು. ಬ್ರೌಸರಿನ ಕಸ ತಗಿಯೋ ಪ್ರೋಗ್ರಾಮ್ ಹಚ್ಚಿದ್ನೆ, ಏನೂ ಇಲ್ಲ ಅಂತು ಅದು. ನಾ ಎಲ್ಲಿ ನಂಬಬೇಕು? ಡಿಸ್ಕ್ ನೋಡಿದ್ರ ತುಂಬಿ ತುಳುಕಾಕತ್ತೈತಿ. ನಾನ ಕುಂತು ಹುಡುಕಿದೆ. ಡಿ ಒಳಗ ಒಂದು ಫೋಲ್ಡರ್ ಇತ್ತು, ಬರೇ ಗುಜರಿ. ತಗದು ಒಗದೆ.”

“ಯಾವ ಫೋಲ್ಡರ್ ಸರ್?”

“ಅದ, ಎಂ-ಟೂ.”

ಕಸ ತೆಗೆಯುವ ಪ್ರೋಗ್ರಾಮು ಮಾಮೂಲಿ ಜಾಗದಲ್ಲಷ್ಟೇ ನೋಡಿ ಸುಮ್ಮನಾಗಿತ್ತು. ಯಂತ್ರಕ್ಕಿದ್ದ ಆ ಸೋಮಾರಿತನ ಮಾಸ್ತರರಿಗಿರಲಿಲ್ಲ. ಸಾವಿರಾರು ಪುಟ್ಟ ಫೈಲುಗಳು, ಒಂದಕ್ಕೂ ಮನುಷ್ಯರು ಇಡುವಂಥ ಹೆಸರಿಲ್ಲ, ಬರೀ ಅಕ್ಷರ ಅಂಕಿಗಳ ಕಲಬೆರಕೆ; ಕೋಳಿ ಕೆದರಿದ್ದು. ಅಳಿಸಿದ್ದೆಲ್ಲ ಹೋಗಿ ಬೀಳುವ ಕಸದ ಬುಟ್ಟಿಯನ್ನು ತೆರೆದೆ. ಅಲ್ಲಿದ್ದರೆ ಇನ್ನೂ ಎತ್ತಿಕೊಳ್ಳಬಹುದಿತ್ತು. ಅದು ಖಾಲಿ.

“ಇದನ್ನೂ ಖಾಲಿ ಮಾಡೀರೇನ್ರೀ?”

“ಮತ್ತ? ಕಸ ಹೊಡದು ಬಾಗಲದಾಗ ಗುಂಪಿ ಬಿಡ್ತಾರೇನವಾ? ಅದೂ ಹಬ್ಬದ ದಿನ?”

ನೋಡಿ, ಬೇರೆ ಯಾವ ಊರಿನವನಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದ, ಬುಟ್ಟಿಯಲ್ಲಿ ಬಿಟ್ಟು ಕೈ ತೊಳೆದುಕೊಳ್ಳುತ್ತಿದ್ದ. ಗುಡಿಸಿದ ಕಸ ಹೊಸ್ತಿಲ ಒಳಗೆ ಉಳಿದರೆ ಲಕ್ಷ್ಮಿ ಹೊರಗೇ ನಿಲ್ಲುತ್ತಾಳೆ ಎಂದು ನಂಬಿದ ನಮ್ಮವರು ಮಾತ್ರ ಇಷ್ಟು ಸಂಪೂರ್ಣವಾಗಿ ಹಾಳು ಮಾಡಬಲ್ಲರು.

ನಾನು ಕೂಗಿದೆ. ಕೂಗಿದೆ ಎನ್ನುವುದು ಸಣ್ಣ ಮಾತು. “ನಿಮಗೇನ್ ತಿಳೀತೈತ್ರೀ ಇದರಾಗ? ಸೀಮೆಎಣ್ಣಿ ಹಚ್ಚಿ ತಿಕ್ಕೋ ಮಷಿನ್ ಅಂತ ಮಾಡೀರೇನು? ಒಂದು ಕೂಸಿನ ಬಾಯಿ ಕಟ್ಟಿದ್ರಿ ನೀವು, ಬಾಯಿ ಕಟ್ಟಿದ್ರಿ!” ಎಂದೆ. ನನಗೆ ಎರಡು ಸಲ ಒಂದೇ ಪಾಠ ಕಲಿಸಿದ ಗುರುವಿಗೆ, ಇಪ್ಪತ್ತು ಮಂದಿ ವಿದ್ಯಾರ್ಥಿಗಳ ಮುಂದೆ, ಊದುಬತ್ತಿಯ ಹೊಗೆಯಲ್ಲಿ. ಮಾಸ್ತರರು ಏನೋ ಹೇಳಲು ಬಾಯಿ ತೆರೆದರು. ಅವರ ಕಣ್ಣು ಒಮ್ಮೆ ನನ್ನ ಮೇಜಿನ ಖಾನೆಯ ಕಡೆ ಹೋಯಿತು, ಒಮ್ಮೆ ಕೂತಿದ್ದ ಹುಡುಗರ ಕಡೆ ಹೋಯಿತು. ಬಾಯಿ ಮುಚ್ಚಿಕೊಂಡರು.

ಪೂಜೆಯ ಪ್ರಸಾದಕ್ಕೆಂದು ಕರೆದಿದ್ದ ಶಿವಗಂಗಮ್ಮ ಅದೇ ಹೊತ್ತಿಗೆ ಮಗಳ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದಳು. ನಾನೇ ಹೇಳಬೇಕಾಯಿತು.

“ಫೋನ್ ಹಚ್ಚಿ ಮತ್ತ ತರಿಸಾಕ ಬರಂಗಿಲ್ಲೇನ್ರೀ ಅಕ್ಕಾರ?” ಅಂದಳು.

ಹಚ್ಚಿದೆವು. ಮೂರನೆಯ ಸಲಕ್ಕೆ ಲೈನು ಸಿಕ್ಕಿತು. ಆ ತಾಯಿಯ ವಿಳಾಸದಲ್ಲಿ ಈಗ ಏನೂ ಇರಲಿಲ್ಲ, ಅಂಥ ಪುಟವಿಲ್ಲ ಎಂಬ ಒಂದು ಸಾಲು ಮಾತ್ರ. ಅವಳ ಮಗ ಮಾತು ಕಲಿತು ದೊಡ್ಡವನಾದನೇನೋ, ಅವಳಿಗೂ ಮನೆ ಸ್ವಚ್ಛ ಮಾಡಬೇಕೆನ್ನಿಸಿತೇನೋ. ಮುಂದೆ ವಾರಗಟ್ಟಲೆ ಹುಡುಕಿದರೂ ಎಲ್ಲಿಯೂ ಸಿಗಲಿಲ್ಲ.

“ನನ್ನ ಕೂಸಿಗೆ ಎಲ್ಲಾ ಅರ್ಧಕ್ಕ ನಿಂದ್ರತೈತ್ರೀ,” ಅಂದಳು ಶಿವಗಂಗಮ್ಮ. ಅತ್ತಿದ್ದರೆ ತಾಳಿಕೊಳ್ಳುತ್ತಿದ್ದೆ, ಅವಳು ಅಳಲಿಲ್ಲ. “ಅಮ್ಮ ಅಂತಾಳ, ಅಪ್ಪ ಅಂತಾಳ, ಮಂದಿ ನಿನ್ನ ಹೆಸರೇನವಾ ಅಂದ್ರ ನನ್ನ ಮಕಾ ನೋಡ್ತಾಳ.” ಗೌರಿ ಮಾತ್ರ ಕಂಪ್ಯೂಟರಿನ ಮಾಲೆಯಿಂದ ಒಂದು ಹೂವು ಕಿತ್ತು ಮೂಸಿ ನೋಡುತ್ತಿದ್ದಳು.

ಮರುದಿನ ಬನ್ನಿ. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರಿಗೊಬ್ಬರು ಕೊಡುತ್ತಾರೆ. “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದ ಮೇಲೆ ಆ ವರ್ಷದ ಜಗಳವೆಲ್ಲ ಮುಗಿಯಿತೆಂದು ಲೆಕ್ಕ. ಹೊಲದ ಬದುವಿಗಾಗಿ ತಲೆ ಒಡೆದುಕೊಂಡವರೂ ಅಂದು ಕೈ ಚಾಚುತ್ತಾರೆ. ಸಣ್ಣವರು ದೊಡ್ಡವರ ಮನೆಗೆ ಹೋಗಿ, ಎಲೆ ಕೊಟ್ಟು, ಕಾಲು ಮುಟ್ಟುವುದು ಪದ್ಧತಿ. ನಾನು ಹೋಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮಾಸ್ತರರೇ ನಮ್ಮ ಮನೆಯ ಬಾಗಿಲಿಗೆ ಬಂದರು, ದೊಡ್ಡವರು ಸಣ್ಣವರ ಹೊಸ್ತಿಲಿಗೆ.

“ಬನ್ನಿ ತಗೋ ತಂಗಿ.”

ನಾನು ಒಳಗೆ ನಿಂತೇ ಇದ್ದೆ. ಕೈ ಚಾಚಲಿಲ್ಲ. ಅವರು ಎಸಳನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ನಾನು ಅದನ್ನು ಎಸೆಯಲಾರದೆ ಒಯ್ದು ಮೇಜಿನ ಖಾನೆಯಲ್ಲಿ ನೀಲಿ ಡಬ್ಬಿಯ ಮೇಲೆ ಹಾಕಿದೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಮತ್ತೆ ಬಂದೀತೆ ಎನ್ನುತ್ತಾರಲ್ಲ, ಆ ಗಾದೆ ನನಗೆ ಆಗಲೂ ಗೊತ್ತಿತ್ತು. ಗಾದೆ ಗೊತ್ತಿರುವುದರಿಂದ ಯಾರ ಮೂಗೂ ಉಳಿದಿಲ್ಲ.

ಆಮೇಲೆ ಒಂದು ವರ್ಷ ನಾನು ಈ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಬಸ್ಸಿನಲ್ಲಿ ಹೇಳಿದೆ, ಮದುವೆಯಲ್ಲಿ ಹೇಳಿದೆ. ತಿಳಿಯದವರ ಸ್ವಚ್ಛತೆಗಿಂತ ತಿಳಿದವರ ಕೊಳೆ ಮೇಲು ಎಂದು ಭಾಷಣ ಮಾಡಿದೆ. ಈ ಲೋಕದಲ್ಲಿ ಎಷ್ಟು ಜನರ ಬದುಕು ಇನ್ನೊಬ್ಬರ ಕಣ್ಣಿಗೆ ಗುಜರಿಯಾಗಿ ಕಾಣುತ್ತದೆ, ಎಷ್ಟು ಸಂಗತಿಗಳು ಹೆಸರಿಲ್ಲದ ಒಂದೇ ಕಾರಣಕ್ಕೆ ಒಲೆಗೆ ಹೋಗುತ್ತವೆ ಎಂದೆಲ್ಲ ದೊಡ್ಡ ದೊಡ್ಡ ಮಾತು ಆಡಿದೆ. ಕೇಳಿದವರು ತಲೆದೂಗಿದರು. ಕೇಳುವವರು ತಲೆದೂಗುತ್ತಿದ್ದರೆ ಸಿಟ್ಟಿಗೆ ವಯಸ್ಸಾಗುವುದಿಲ್ಲ.

ದೀಪಾವಳಿ ಕಳೆದ ಮೇಲೆ ಮಾಸ್ತರರೇ ಮಸ್ಕಿಗೆ ಹೋಗಿ ಶಿವಗಂಗಮ್ಮನಿಗೆ ಭಾನುವಾರ ಬಾ ಎಂದು ಹೇಳಿ ಬಂದರು. ಬಂದ ಕೂಸನ್ನು ಎದುರಿಗೆ ಕೂರಿಸಿಕೊಂಡು, ಹೆಗಲ ಮೇಲಿನ ವಸ್ತ್ರ ತೆಗೆದಿಟ್ಟು, ಅದರ ಅಂಗೈಯನ್ನು ತಮ್ಮ ಗಂಟಲ ಮೇಲೆ ಒತ್ತಿಕೊಂಡು ‘ಗ, ಗ, ಗ’ ಎಂದರು. ಆಮೇಲೆ ಒಂದು ಲೋಟ ನೀರು ತಂದು ತಾವೂ ಬಾಯಿಗೆ ಹಾಕಿಕೊಂಡು, ಅದಕ್ಕೂ ಹಾಕಿಸಿ, ಮುಖ ಮೇಲೆತ್ತಿ ಗಳಗಳ ಮಾಡಿಸಿದರು. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿ, ಶ್ರವಣಯಂತ್ರ ತೋಯ್ದೀತೆಂದು ಶಿವಗಂಗಮ್ಮ ಓಡಿ ಬಂದು ಅದನ್ನು ಬಿಚ್ಚಿಕೊಂಡಳು. ನಲವತ್ತು ವರ್ಷ ಶೀಘ್ರಲಿಪಿ ಕಲಿಸಿದ ಮನುಷ್ಯ. ಸದ್ದು ಬಾಯಿಯ ಯಾವ ಮನೆಯಿಂದ ಹೊರಡುತ್ತದೆ ಎಂಬುದು ಅವರಿಗೆ ಗೀಟು ಗೀಟಾಗಿ ಗೊತ್ತಿತ್ತು. “ಕ ಅಂದ್ರ ತೆಳ್ಳನ ಗೀಟು, ಬರೇ ಉಸಿರು. ಗ ಅಂದ್ರ ದಪ್ಪನ ಗೀಟು, ಗಂಟಲಾ ನಡಗಬೇಕು,” ಎಂದು ಶಿವಗಂಗಮ್ಮನಿಗೆ ವಿವರಿಸುತ್ತಿದ್ದರು. ನಾನು ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೆ, ನನ್ನನ್ನು ಯಾರೂ ಕರೆಯಲಿಲ್ಲ, ಕರೆದರೂ ಹೋಗುತ್ತಿರಲಿಲ್ಲ.

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಾಗ ಒಂದು ಭಾನುವಾರ, ಆ ಕೋಣೆಯಿಂದ ಒರಟಾಗಿ, ಮರ ಕೊಯ್ದಂತೆ, ‘ಗೌರಿ’ ಎಂಬ ಸದ್ದು ಬಂತು. ಶಿವಗಂಗಮ್ಮ ಒಮ್ಮೆಲೇ ಅತ್ತದ್ದೂ ಕೇಳಿಸಿತು. ನನಗೆ ಸಂತೋಷವಾಯಿತು, ಆಗಲಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ ಸಂತೋಷದ ಬೆನ್ನಿಗೇ ಸಿಟ್ಟು ಇನ್ನಷ್ಟು ಏರಿತು. ಅಷ್ಟು ದಿನ ನಾನು ಬಯ್ಯುತ್ತಿದ್ದ ಮನುಷ್ಯ ಈಗ ಬಯ್ಯಲು ಸಿಗದಂತಾಗಿದ್ದ. ಹಾಗಾದರೆ ಈ ಸಿಟ್ಟನ್ನು ನಾನು ಎಲ್ಲಿ ಇಡಬೇಕು?

ಅದನ್ನು ಇಡುವ ಜಾಗ ನನಗೆ ಮೊದಲಿನಿಂದಲೂ ಗೊತ್ತಿತ್ತು, ಗೆಳೆಯರೇ. ಬಸ್ಸಿನಲ್ಲಿ, ಮದುವೆಯಲ್ಲಿ ಹೇಳಿದ ಕಥೆಯಲ್ಲಿ ನಾನು ಒಂದು ಸಂಗತಿಯನ್ನು ಬಿಟ್ಟಿದ್ದೆ. ನಿಮಗೂ ಇಲ್ಲಿಯವರೆಗೆ ಬಿಟ್ಟೇ ಹೇಳಿದ್ದೇನೆ.

ಆ ನೀಲಿ ಡಬ್ಬಿಯನ್ನು ತಂದವರು ಮಾಸ್ತರರು. ಹೋದ ವರ್ಷ ಗಣಪತಿ ಹಬ್ಬದ ಆಸುಪಾಸಿನಲ್ಲಿ, ದಸರೆಗೆ ಇನ್ನೂ ತಿಂಗಳಿರುವಾಗ, ಅದನ್ನು ನನ್ನ ಮೇಜಿನ ಮೇಲಿಟ್ಟು ಅವರು ಹೇಳಿದ್ದರು: “ತಂಗಿ, ಖಂಡೆ ಪೂಜಿಗೆ ಕಂಪ್ಯೂಟರನ್ನೂ ಒಳಗ ಹೊರಗ ಸ್ವಚ್ಛ ಮಾಡಾವಿದ್ದೀನಿ. ನಿನಗ ಬೇಕಾದ್ದು ಏನೈತಿ ಇದರಾಗ ಇಳಿಸಿ ಇಟ್ಟುಕೋ. ಮರೀಬ್ಯಾಡ.” ನಾನು ಆಗ ಏನೋ ಟೈಪು ಮಾಡುತ್ತಿದ್ದೆ. ತಲೆ ಎತ್ತದೆ ‘ಹೂಂ’ ಅಂದೆ. ಡಬ್ಬಿಯನ್ನು ಖಾನೆಗೆ ಹಾಕಿದೆ. ಖಂಡೆ ಪೂಜೆಯ ಹಿಂದಿನ ದಿನ ಅವರು ಮತ್ತೊಮ್ಮೆ ಕೇಳಿದರು, “ಇಳಿಸೀದಿ ಇಲ್ಲ?” ಎಂದು. ಆಗಲೂ ‘ಹೂಂ’ ಅಂದೆ. ಒಂದು ಮಧ್ಯಾಹ್ನದ ಕೆಲಸ. ನಾಳೆ, ನಾಳಿದ್ದು ಎನ್ನುತ್ತಾ ಒಂದು ತಿಂಗಳು ಕಳೆದಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನು ಬೈದೆ, ಮದ್ದಳೆಯವನನ್ನೂ ಬೈದೆ.

ಇಪ್ಪತ್ತು ಮಂದಿಯ ಮುಂದೆ ನಾನು ಕೂಗುತ್ತಿದ್ದಾಗ ಅವರು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ‘ನಿನಗ ಎರಡ ಸಲ ಹೇಳಿದ್ನಲ್ಲವಾ’ ಎಂದಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ಖಾನೆಯ ಕಡೆ ನೋಡಿದರು, ಹುಡುಗರ ಕಡೆ ನೋಡಿದರು, ಸುಮ್ಮನಾದರು. ನನ್ನ ಮರ್ಯಾದೆ ಉಳಿಸಲು ತಮ್ಮದನ್ನು ಕೊಟ್ಟರು. ಅದನ್ನು ನಾನು ಅದೇ ಕ್ಷಣ ಅರ್ಥ ಮಾಡಿಕೊಂಡಿದ್ದೆ, ಅರ್ಥವಾದದ್ದರಿಂದಲೇ ಇನ್ನೂ ಜೋರಾಗಿ ಕೂಗಿದೆ. ಬನ್ನಿಗೆ ಕೈ ಚಾಚದೆ ನಿಂತದ್ದೂ ಅದಕ್ಕೇ. ಚಾಚಿದ್ದರೆ ಜಗಳ ಮುಗಿಯುತ್ತಿತ್ತು, ಜಗಳ ಮುಗಿದರೆ ತಪ್ಪು ಯಾರದೆಂದು ಕೇಳಿಕೊಳ್ಳಲು ಬಿಡುವಾಗುತ್ತಿತ್ತು.

ಈ ಸಲದ ಖಂಡೆ ಪೂಜೆಗೆ ಹೋದ ವರ್ಷದ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇದ್ದರು. ಶಿವಗಂಗಮ್ಮನೂ ಗೌರಿಯೂ ಬಂದಿದ್ದರು. ಮಂಗಳಾರತಿಯ ನಂತರ ಎದ್ದು ನಿಂತು ಹೇಳಿದೆ, ಕೂಗಿದ್ದಷ್ಟೇ ಜೋರಾಗಿ ಹೇಳಬೇಕೆಂದುಕೊಂಡಿದ್ದೆ, ದನಿ ಏಳಲಿಲ್ಲ: “ಹೋದ ವರ್ಷ ಸರ್ ನನಗ ಎರಡ ಸಲ ಹೇಳಿದ್ರು, ಬೇಕಾದ್ದು ಇಳಿಸಿಕೋ ಅಂತ. ನಾ ಇಳಿಸಲಿಲ್ಲ. ತಪ್ಪು ನಂದು.” ಶಿವಗಂಗಮ್ಮ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಆ ಹೊತ್ತು ಕ್ಷಮೆ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ.

ಮಾಸ್ತರರು ಟೈಪರೈಟರಿನ ಮೇಲೆ ಬಿದ್ದ ಕುಂಕುಮ ಒರೆಸುತ್ತಿದ್ದರು. ತಲೆ ಎತ್ತದೆ ಅಂದರು, “ಆತು ಬಿಡು. ಈಗರ ಆ ಡಬ್ಬಿ ಒಡಿ. ಪೂಜಿಗೆ ಇಟ್ಟೀದೇನು ಅದನ್ನ?”

ಖಾನೆಯಿಂದ ಡಬ್ಬಿ ತೆಗೆದೆ. ಮೇಲಿದ್ದ ಬನ್ನಿಯ ಎಸಳು ಮುಟ್ಟಿದರೆ ಪುಡಿಯಾಯಿತು. ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದವಳು ಗೌರಿ. ಶಿವಗಂಗಮ್ಮನ ನೋಟುಬುಕ್ಕಿನಿಂದ, ನನ್ನ ನೆನಪಿನಿಂದ, ಮಾಸ್ತರರ ಗಂಟಲಿನಿಂದ ಕೂಡಿಸಿ ನಾನು ಈ ವರ್ಷ ಪಕ್ಕದ ಕೋಣೆಯಲ್ಲೇ ಕೂತು ಟೈಪು ಮಾಡಿದ ಪಾಠಗಳನ್ನು ಅಲ್ಲೇ ಒಂದು ಫ್ಲಾಪಿಗೆ ಇಳಿಸಿದೆವು. ಮಾಸ್ತರರು ಅದರ ಚೀಟಿಯ ಮೇಲೆ ದುಂಡಗೆ ‘ಗೌರಿ’ ಎಂದು ಬರೆದರು, ಅವಳು ಅದರ ಮೇಲೆ ಬೆರಳಿಟ್ಟು ತನ್ನ ಹೆಸರನ್ನು ಗಟ್ಟಿಯಾಗಿ ಅಂದಳು. ಮರುದಿನ ಸಂಜೆ ನಾನೇ ಮಾಸ್ತರರ ಮನೆಗೆ ಬನ್ನಿ ಹಿಡಿದುಕೊಂಡು ಹೋದೆ.

ಗೌರಿ ಈಗಲೂ ಒಂದೊಂದೇ ಮಾತು ಆಡುತ್ತಾಳೆ. ಮಾತಿಗೆ ಮಾತು ಜೋಡಿಸುವ ಪಾಠಗಳನ್ನು ನಾವು ಯಾರೂ ಓದಿರಲಿಲ್ಲ, ಅವು ಹೋದವು. ಡಬ್ಬಿ ಈಗ ಖಾನೆಯಲ್ಲಿಲ್ಲ, ಮೇಜಿನ ಮೇಲೆಯೇ ಇದೆ, ಬಾಯಿ ತೆರೆದುಕೊಂಡು. ಒಂದು ತುಂಬಿದೆ. ಉಳಿದ ಒಂಬತ್ತು ಖಾಲಿ ಇವೆ, ಅವನ್ನು ನೋಡಿದಾಗಲೆಲ್ಲ ನನಗೆ ನನ್ನ ಮೇಲೆ ಸಿಟ್ಟು ಬರುತ್ತದೆ.